ಮಾರ್ಚ್ ಕೊನೆಗೆ ರೆಡ್ ವಿಂಗ್‌ನಲ್ಲಿ ಸಾಗರ್, ವಾಲೈ ಮೀನು: ಅಪ್ಪಯ್ಯನನ್ನು ಕರ್ಕೊಂಡು ಗೈಡ್ ಜೊತೆ ಹೋಗಬಹುದಾ?

ತುಂಗಾತೀರ:

ನಮಸ್ಕಾರ. ನಾವಿರೋದು ಮಿನ್ನೆಸೋಟದ ಈಗನ್‌ನಲ್ಲಿ. ಅಪ್ಪಯ್ಯ ತೀರ್ಥಹಳ್ಳಿಯಿಂದ ಬಂದಿದ್ದಾರೆ, ಏಪ್ರಿಲ್ ಎರಡನೇ ವಾರಕ್ಕೆ ವಾಪಸ್ ಹೊರಡುತ್ತಾರೆ. ವಯಸ್ಸು 68. ಊರಲ್ಲಿ ಬಿದಿರು ಕೋಲು, ಎರೆಹುಳ ಹಿಡಿದು ತುಂಗೆಯ ದಡದಲ್ಲಿ ಕೂತರೆ ಊಟಕ್ಕೆ ಕರೆದರೂ ಏಳದ ಜನ. ಇಲ್ಲಿ ಕಿಟಕಿ ಪಕ್ಕ ಕೂತು ಹಿಮ ಕರಗೋದನ್ನು ನೋಡುತ್ತಾ ಇದ್ದಾರೆ. "ಇಷ್ಟು ಕೆರೆ ಇಟ್ಕೊಂಡು ಒಂದು ಮೀನು ಹಿಡಿಯೋಕೆ ಆಗಲ್ವೇನೋ ನಿಂಗೆ?" ಅಂತ ದಿನಾ ಕೇಳುತ್ತಾರೆ.

ಒಳನಾಡಿನ ಕೆರೆಗಳಲ್ಲಿ ವಾಲೈ ಹಿಡಿಯೋಕೆ ಮೇ ಮಧ್ಯದವರೆಗೆ ಕಾಯಬೇಕು. ಅಷ್ಟರಲ್ಲಿ ಇವರು ಊರು ಸೇರಿರುತ್ತಾರೆ. ಆಫೀಸಲ್ಲಿ ಒಬ್ಬರು ಹೇಳಿದರು, ವಿಸ್ಕಾನ್ಸಿನ್ ಗಡಿಯಲ್ಲಿ ಹರಿಯುವ ಮಿಸಿಸಿಪ್ಪಿಯಲ್ಲಿ ವರ್ಷಪೂರ್ತಿ ವಾಲೈ, ಸಾಗರ್ ಎರಡಕ್ಕೂ ಅವಕಾಶ ಇದೆ, ಅಲ್ಲಿರುವ ರೆಡ್ ವಿಂಗ್ ಊರಿಗೆ ಹೋಗಿ ಅಂತ. ನನ್ನ ಹತ್ತಿರ ದೋಣಿ ಇಲ್ಲ, ಗೈಡ್ ಇಟ್ಟುಕೊಳ್ಳಬೇಕು. ಮಾರ್ಚ್ ಕೊನೆ ವಾರ ಸರಿಯಾದ ಸಮಯವಾ? ಆ ಚಳಿ ಅವರಿಗೆ ತಡೆಯುತ್ತಾ? ಟೂರಿಸ್ಟ್ ವೀಸಾದಲ್ಲಿ ಬಂದವರಿಗೆ ಲೈಸೆನ್ಸ್ ಕೊಡುತ್ತಾರಾ? ಗೈಡ್‌ನ ಏನು ಕೇಳಿ ಬುಕ್ ಮಾಡಬೇಕು? ಬರಿಗೈಲಿ ವಾಪಸ್ ಬಂದರೆ ನಾನು ಏಪ್ರಿಲ್‌ವರೆಗೂ ಮಾತು ಕೇಳಬೇಕಾಗುತ್ತೆ.

ಬೆಂಗ್ರೆ ಗಾಳ:

ಖಂಡಿತ ಹೋಗಿ ಮಾರಾಯ್ರೆ. ಸಮಯ ಸರಿಯಾಗಿಯೇ ಇದೆ. ಆದರೆ ಗೈಡ್‌ಗೆ ಫೋನ್ ಮಾಡಿದಾಗ "ದೊಡ್ಡ ವಾಲೈ ಬೇಕು" ಅಂತ ಮಾತ್ರ ಶುರು ಮಾಡಬೇಡಿ. "ಸಾಗರ್ ಸಾಕು, ಅಪ್ಪ ಇಡೀ ದಿನ ಗಾಳ ಆಡಿಸುತ್ತಾ ಇರಬೇಕು" ಅನ್ನಿ. ಮಾರ್ಚ್‌ನಲ್ಲಿ ದಿನ ಉಳಿಸೋದು ಸಾಗರ್. ವಾಲೈಯ ತಮ್ಮನ ಹಾಗೆ ಇರುತ್ತೆ, ಗಾತ್ರದಲ್ಲಿ ಚಿಕ್ಕದು, ಬಹಳಷ್ಟು ಒಂದೆರಡು ಪೌಂಡ್ ಒಳಗೇ. ಆದರೆ ಕದಡಿದ ನೀರಿಗೆ ಅಂಜಲ್ಲ, ಆಳದಲ್ಲಿ ಗುಂಪಾಗಿ ನಿಂತಿರುತ್ತೆ. ಒಂದು ಸಿಕ್ಕಿದ ಜಾಗದಲ್ಲಿ ಇನ್ನೂ ನಾಲ್ಕು ಇರುತ್ತೆ ಅಂತ ನಂಬಬಹುದು. ವಾಲೈ ಹಿಂದೆ ಹೋದವರು ಎಷ್ಟೋ ಸಲ ಮಧ್ಯಾಹ್ನದ ಹೊತ್ತಿಗೆ ಸಾಗರ್‌ಗೆ ಇಳಿಯುತ್ತಾರೆ. ಅದಕ್ಕೆ ಮೊದಲೇ ಇಳಿದುಬಿಡಿ ಅಂತ ನನ್ನ ಮಾತು.

ಜಾಗದ ಬಗ್ಗೆ ಸ್ವಲ್ಪ. ರೆಡ್ ವಿಂಗ್‌ಗಿಂತ ಸ್ವಲ್ಪ ಮೇಲೆ ಲಾಕ್ ಅಂಡ್ ಡ್ಯಾಮ್ 3 ಇದೆ, ಅಂದರೆ ದೋಣಿ ದಾಟಿಸೋಕೆ ಬಾಗಿಲಿರುವ ಅಣೆಕಟ್ಟು. ಅಲ್ಲಿಂದ ಕೆಳಗೆ ಆಲ್ಮಾ ಊರಿನ ಡ್ಯಾಮ್ 4ರವರೆಗಿನ ನೀರಿಗೆ ಪೂಲ್ 4 ಅನ್ನುತ್ತಾರೆ, ಲೇಕ್ ಪೆಪಿನ್ ಇದರ ಹೊಟ್ಟೆಯೊಳಗೇ ಬರುತ್ತೆ. ಪೆಪಿನ್‌ನಲ್ಲಿದ್ದ ಮೀನು ತತ್ತಿ ಇಡೋಕೆ ಮೇಲೆ ಹತ್ತುತ್ತೆ, ಡ್ಯಾಮ್ ಅಡ್ಡ ಬರುತ್ತೆ, ಅಲ್ಲೇ ಕೆಳಗೆ ಸೇರಿಕೊಳ್ಳುತ್ತೆ. ಇನ್ನೊಂದು ಅನುಕೂಲ ಅಂದರೆ ಡ್ಯಾಮ್‌ನಿಂದ ಧುಮುಕುವ ನೀರು, ಮೇಲಿನ ಪ್ರೇರಿ ಐಲ್ಯಾಂಡ್ ಅಣುಸ್ಥಾವರದಿಂದ ಬರುವ ಬಿಸಿನೀರು ಸೇರಿ ಅಷ್ಟು ದೂರ ಮಂಜುಗಡ್ಡೆ ಕಟ್ಟೋದು ಕಮ್ಮಿ. ಪೆಪಿನ್ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿರುವಾಗಲೇ ರೆಡ್ ವಿಂಗ್‌ನಲ್ಲಿ ದೋಣಿ ಇಳಿಸುತ್ತಾರೆ. ಒಳ್ಳೆ ಬಿಸಿಲಿನ ಶನಿವಾರ ಕಾಲ್ವಿಲ್ ಪಾರ್ಕ್ ಹತ್ತಿರ ಟ್ರೇಲರ್ ನಿಲ್ಲಿಸೋಕೆ ಜಾಗ ಇರಲ್ಲ. ವಾರದ ದಿನ ರಜೆ ಹಾಕಿ.

ತಾರೀಕಿಗಿಂತ ನೀರು ಮುಖ್ಯ. ವಾಲೈ ತತ್ತಿ ಇಡೋದು ನೀರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ. ಅದಕ್ಕೆ ಮುಂಚೆ, 40ರ ಆಸುಪಾಸಲ್ಲಿ, ಗಂಡು ಮೀನುಗಳು ಬಂದು ನಿಂತಿರುತ್ತವೆ, ನಿಮಗೆ ಬೇಕಾದ್ದು ಆ ಹೊತ್ತು. ಒಂದೇ ವಾರದಲ್ಲಿ ಹಿಮ ಕರಗಿ ಹೊಳೆ ಏರಿದರೆ ನೀರು ಕೆಸರಾಗುತ್ತೆ, ಮರದ ದಿಮ್ಮಿಗಳು ತೇಲಿ ಬರುತ್ತವೆ, ಆಗ ಯಾವ ಗೈಡ್ ಆದರೂ ಏನೂ ಮಾಡೋಕಾಗಲ್ಲ. ಹಾಗಾಗಿ ಬುಕ್ ಮಾಡುವಾಗಲೇ ಕೇಳಿ: ನೀರು ಕೆಟ್ಟರೆ ದಿನ ಬದಲಾಯಿಸಿ ಕೊಡ್ತೀರಾ, ಅಡ್ವಾನ್ಸ್ ಕತೆ ಏನು ಅಂತ. "ನೋಡೋಣ, ಹೇಗಿದ್ರೂ ಹೋಗೋಣ" ಅನ್ನುವವನಿಗಿಂತ "ಹಿಂದಿನ ದಿನ ಸಂಜೆ ನಾನೇ ಫೋನ್ ಮಾಡ್ತೀನಿ" ಅನ್ನುವವನು ವಾಸಿ.

ಎರಡನೇದು, ಕ್ಯಾಪ್ಟನ್ ಲೈಸೆನ್ಸ್ ಕೇಳಿ. ಮಿಸಿಸಿಪ್ಪಿ ಫೆಡರಲ್ ನೀರು. ದುಡ್ಡು ತಗೊಂಡು ಜನರನ್ನು ದೋಣಿಯಲ್ಲಿ ಕೂರಿಸಿಕೊಳ್ಳುವವನಿಗೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಇರಲೇಬೇಕು. ಕೇಳಿದರೆ ಒಳ್ಳೆ ಗೈಡ್‌ಗೆ ಬೇಜಾರಾಗಲ್ಲ.

ಇನ್ನು ಅಪ್ಪಯ್ಯನ ಕೆಲಸ. ಗಾಳ ಎಸೆಯೋದೇನೂ ಇಲ್ಲ. ಕಾಲು ಔನ್ಸ್ ಆಸುಪಾಸಿನ ಜಿಗ್, ಅಂದರೆ ಸೀಸದ ತಲೆ ಇರುವ ಕೊಕ್ಕೆ, ಅದಕ್ಕೆ ಬದುಕಿರುವ ಸಣ್ಣ ಮಿನ್ನೋ ಮೀನು. ಬಾಯಿಂದ ಚುಚ್ಚಿ ತಲೆಯ ಹಿಂದೆ ತೆಗೆಯಬೇಕು. ದೋಣಿ ಪಕ್ಕದಲ್ಲೇ ನೇರ ಕೆಳಗೆ ಬಿಡೋದು. ಸೀಸ ತಳ ಮುಟ್ಟಿದ ಕೂಡಲೇ ದಾರ ಸಡಿಲ ಆಗುತ್ತೆ. ಅಲ್ಲಿಂದ ಒಂದು ಗೇಣು ಎತ್ತಿ ಹಿಡಿಯಿರಿ, ಸುಮ್ನೆ ಹಿಡಿಯಿರಿ, ಮತ್ತೆ ಇಳಿಸಿ ತಳ ಇದೆಯಾ ನೋಡಿ. ಗೈಡ್ ಮುಂದಿನ ಎಲೆಕ್ಟ್ರಿಕ್ ಮೋಟರ್‌ನಲ್ಲಿ ದೋಣಿಯನ್ನು ಸೆಳವಿನ ವೇಗಕ್ಕೇ ತೇಲಿಸುತ್ತಾ ಇರುತ್ತಾನೆ. ದಾರ ನೆಟ್ಟಗೆ ಇಳಿದಿದ್ದರೆ ಎಲ್ಲ ಸರಿ. ಓರೆಯಾದರೆ ಜಿಗ್ ತಳದಲ್ಲಿಲ್ಲ, ಸುತ್ತಿಕೊಂಡು ಮತ್ತೆ ಬಿಡಬೇಕು. ಈ ಚಳಿ ನೀರಲ್ಲಿ ಮೀನು ಎಳೆದುಕೊಂಡು ಓಡಲ್ಲ. ಎತ್ತುವಾಗ ಒದ್ದೆ ಬಟ್ಟೆ ಅಂಟಿದ ಹಾಗೆ ಒಂದು ಭಾರ, ಅಥವಾ ಬೆರಳಿಗೆ "ಟಕ್" ಅಂತ ಒಂದು ಸಣ್ಣ ಪೆಟ್ಟು, ಅಷ್ಟೇ. ಎರೆಹುಳದಲ್ಲಿ ಹಿಡಿದು ಅಭ್ಯಾಸ ಇರುವ ಬೆರಳಿಗೆ ಇದು ನಮಗಿಂತ ಬೇಗ ಗೊತ್ತಾಗುತ್ತೆ. ಮೊದಲ ಮೀನು ಅವರದ್ದೇ ಆದರೆ ಆಶ್ಚರ್ಯ ಇಲ್ಲ.

ಒಂದು ಮಾತು ಮರೆತಿದ್ದೆ. ಎಲೆ ಅಡಿಕೆ ಅಭ್ಯಾಸ ಇದ್ದರೆ ಒಂದು ಖಾಲಿ ಡಬ್ಬ ತಗೊಂಡು ಹೋಗಿ. ಬೇರೆಯವರ ದೋಣಿ ಅಲ್ವಾ.

ಚಳಿಪೆಟ್ಟಿಗೆ:

ಮೇಲಿನವರು ಮೀನಿನ ಬಗ್ಗೆ ಎಲ್ಲ ಹೇಳಿದರು, ನೀವು ಕೇಳಿದ ಚಳಿಯ ಬಗ್ಗೆ ಒಂದಕ್ಷರ ಹೇಳಲಿಲ್ಲ!

ಬೆಳಿಗ್ಗೆ ಏಳಕ್ಕೆ ದೋಣಿ ಓಡುವಾಗ ಬೀಸುವ ಗಾಳಿ ಬೇರೆಯೇ ಲೆಕ್ಕ. ಪಾರ್ಕಿಂಗ್‌ನಲ್ಲಿ ಬೆಚ್ಚಗಿದೆ ಅನಿಸಿದ ಜಾಕೆಟ್ ಅಲ್ಲಿ ಏನಕ್ಕೂ ಸಾಲಲ್ಲ. ಅರ್ಧ ದಿನದ ಟ್ರಿಪ್ ತಗೊಳ್ಳಿ, ಅದೂ ಮಧ್ಯಾಹ್ನದ್ದು. ಈ ಕಾಲದಲ್ಲಿ ಬಿಸಿಲು ಬಿದ್ದು ನೀರು ಒಂದೆರಡು ಡಿಗ್ರಿ ಏರಿದ ಮೇಲೇ ಮೀನು ಚೆನ್ನಾಗಿ ಕಚ್ಚೋದು, ಹಾಗಾಗಿ ನಷ್ಟ ಏನಿಲ್ಲ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆ, ಎಲ್ಲದರ ಮೇಲೆ ಗಾಳಿ ತಡೆಯುವ ಬಿಬ್ (ಎದೆವರೆಗೆ ಬರುವ ಪ್ಯಾಂಟ್). ಹತ್ತಿ ಬನಿಯನ್ ಬೇಡ, ಬೆವರು ಹೀರಿ ತಣ್ಣಗಾಗುತ್ತೆ. ಎರಡು ಜೊತೆ ಕೈಗವಸು ಬೇಕು, ಮಿನ್ನೋ ಮುಟ್ಟಿದ ಮೇಲೆ ಒಂದು ಜೊತೆ ಒದ್ದೆ ಆಗೇ ಆಗುತ್ತೆ.

ಲೈಫ್ ಜಾಕೆಟ್ ಹಾಕಿಕೊಂಡೇ ಇರಲಿ, ಸೀಟಿನ ಕೆಳಗೆ ಇಟ್ಟರೆ ಉಪಯೋಗ ಇಲ್ಲ. ಊರಲ್ಲಿ ಹೊಳೆ ಈಜಿ ದಾಟಿದವರೇ ಇರಬಹುದು. ಆದರೆ 40 ಡಿಗ್ರಿ ಫ್ಯಾರನ್‌ಹೀಟ್ ನೀರಿಗೆ ಬಿದ್ದ ಕೂಡಲೇ ಉಸಿರು ಕಟ್ಟುತ್ತೆ, ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳಲ್ಲ. ಈಜು ಬರುತ್ತೆ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಬಿಪಿ ಮಾತ್ರೆ ತಗೊಳ್ಳುವವರಾದರೆ ಮೊದಲು ಡಾಕ್ಟರ್‌ನ ಒಂದು ಮಾತು ಕೇಳಿ.

ಷಿಕಾಗೋ ಶೆಟ್ರು:

ಇಲ್ಲಿ ಓದುತ್ತಿರುವ ಇಲಿನಾಯ್ ಕಡೆಯವರಿಗೆ ಒಂದು ಮಾತು: ಇದಕ್ಕಾಗಿ ರೆಡ್ ವಿಂಗ್‌ವರೆಗೆ ಹೋಗಬೇಕಿಲ್ಲ. ಇಲಿನಾಯ್ ನದಿಯಲ್ಲಿ, ಸ್ಟಾರ್ವ್ಡ್ ರಾಕ್ ಡ್ಯಾಮ್ ಕೆಳಗಿಂದ ಸ್ಪ್ರಿಂಗ್ ವ್ಯಾಲಿ, ಹೆನ್ರಿಯವರೆಗೂ ಸಾಗರ್ ಇದೆ. ಸ್ಪ್ರಿಂಗ್ ವ್ಯಾಲಿಯಲ್ಲಿ ಮಾರ್ಚ್‌ನಲ್ಲಿ ವಾಲೈ ಟೂರ್ನಮೆಂಟ್ ನಡೆಯುತ್ತೆ. ಅಲ್ಲಿ ಹಿಡಿದ ಸಾಗರ್‌ಗಳಿಂದ ರಾಜ್ಯದವರು ತತ್ತಿ ತೆಗೆದು, ಮರಿ ಮಾಡಿಸಿ ಮತ್ತೆ ನದಿಗೆ ಬಿಡುತ್ತಾರೆ. ಟೂರ್ನಮೆಂಟ್ ವಾರ ಮಾತ್ರ ಆ ಕಡೆ ತಲೆ ಹಾಕಬೇಡಿ, ನದಿ ತುಂಬಾ ದೋಣಿ.

ತುಂಗಾತೀರ:

ಎಲ್ಲರಿಗೂ ಥ್ಯಾಂಕ್ಸ್. ಬೆಂಗ್ರೆಯಣ್ಣ, ಡಬ್ಬದ ಮಾತು ಓದಿ ಅಪ್ಪಯ್ಯ ಜೋರಾಗಿ ನಕ್ಕರು. ಡಬ್ಬ ಈಗಾಗಲೇ ಎತ್ತಿಟ್ಟಿದ್ದಾರೆ.

ಒಬ್ಬ ಗೈಡ್ ಜೊತೆ ಮಾತಾಡಿದೆ. ಕ್ಯಾಪ್ಟನ್ ಲೈಸೆನ್ಸ್ ಇದೆ, ದರ ತಲೆಗೆ ಅಲ್ಲ, ದೋಣಿಗೆ. ಮಾರ್ಚ್ 30ರ ಮಧ್ಯಾಹ್ನ ಅಂತಾಗಿದೆ, ನೀರು ಕೆಟ್ಟರೆ ಏಪ್ರಿಲ್ 2. ಇನ್ನು ಉಳಿದಿರೋದು ಲೈಸೆನ್ಸ್. ಆಮೇಲೆ ಸಾಗರ್‌ಗೂ ವಾಲೈಗೂ ವ್ಯತ್ಯಾಸ ನನಗೇ ಗೊತ್ತಿಲ್ಲ, ಅಪ್ಪಯ್ಯ ಕೇಳಿದರೆ ಏನು ಹೇಳಲಿ? ಹಾಗೇ ಅಮ್ಮನ ಪ್ರಶ್ನೆ: ಇದು ಸಾರಿಗೆ ಆಗುತ್ತಾ, ಬರೀ ಫ್ರೈಗಾ?

ಬೆಂಗ್ರೆ ಗಾಳ:

ಲೈಸೆನ್ಸ್ ಮಿನ್ನೆಸೋಟದ್ದೇ ತಗೊಳ್ಳಿ. ಗಡಿ ನೀರಿನಲ್ಲಿ ದೋಣಿಯಿಂದ ಹಿಡಿಯೋಕೆ ಎರಡರಲ್ಲಿ ಯಾವ ರಾಜ್ಯದ್ದಾದರೂ ನಡೆಯುತ್ತೆ. ಆದರೆ ಮಿನ್ನೆಸೋಟದ ಲೈಸೆನ್ಸ್ ವರ್ಷ ಮಾರ್ಚ್ 1ಕ್ಕೆ ಶುರು, ವಿಸ್ಕಾನ್ಸಿನ್‌ದು ಮಾರ್ಚ್ 31ಕ್ಕೆ ಮುಗಿಯುತ್ತೆ. ನಿಮ್ಮ ಎರಡು ತಾರೀಕೂ ಅದರ ಆಚೆ ಈಚೆ ಇವೆ ನೋಡಿ. ಅಪ್ಪಯ್ಯ ಹೊರಗಿನವರ ಲೆಕ್ಕಕ್ಕೆ ಬರುತ್ತಾರೆ, ಅವರಿಗೆ 24 ಗಂಟೆ, 72 ಗಂಟೆಯ ಲೈಸೆನ್ಸ್ ಸಿಗುತ್ತೆ. ಪಾಸ್‌ಪೋರ್ಟ್ ಹಿಡಿದು ಅಂಗಡಿಗೇ ಹೋಗಿ ಮಾಡಿಸಿ, ಆದರೆ ದಿನ ಪಕ್ಕಾ ಆದ ಮೇಲೆ ಮಾಡಿಸಿ.

ಗುರುತು ಸುಲಭ. ಬೆನ್ನಿನ ಮುಂದಿನ ರೆಕ್ಕೆ ಬಿಡಿಸಿ ನೋಡಿ. ಸಾಲು ಸಾಲು ಕಪ್ಪು ಚುಕ್ಕೆ ಇದ್ದರೆ ಸಾಗರ್. ಚುಕ್ಕೆ ಇಲ್ಲದೆ ಆ ರೆಕ್ಕೆಯ ಹಿಂಬದಿ ಬುಡದಲ್ಲಿ ಒಂದೇ ಕಪ್ಪು ಮಚ್ಚೆ, ಬಾಲದ ಕೆಳತುದಿ ಬಿಳಿ ಇದ್ದರೆ ವಾಲೈ. ಸಾಗರ್‌ನ ಮೈಮೇಲೆ ಕಂದು ಪಟ್ಟೆಗಳೂ ಇರುತ್ತವೆ. ಇದು ಬರೀ ಕುತೂಹಲಕ್ಕಲ್ಲ. ಈ ಪೂಲ್‌ನಲ್ಲಿ ಎರಡೂ ಸೇರಿ ಒಬ್ಬರಿಗೆ ದಿನಕ್ಕೆ 4, ವಾಲೈ ಆದರೆ ಕನಿಷ್ಠ 15 ಇಂಚು ಇರಬೇಕು. ಹೋಗೋ ಮುಂಚೆ ಈ ವರ್ಷದ ನಿಯಮ ಪುಸ್ತಕ ಒಮ್ಮೆ ನೋಡಿಕೊಳ್ಳಿ. ಹೊಟ್ಟೆ ಉಬ್ಬಿದ ದೊಡ್ಡ ಹೆಣ್ಣು ವಾಲೈ ಸಿಕ್ಕರೆ ಫೋಟೋ ತೆಗೆದು ಬಿಟ್ಟುಬಿಡಿ, ತತ್ತಿ ಇರುತ್ತೆ. ಆದರೆ 30 ಅಡಿ ಆಳದಿಂದ ಎತ್ತಿದ ಮೀನು ಬಿಟ್ಟರೂ ಬದುಕೋದು ಕಷ್ಟ. ಒಳಗಿನ ಗಾಳಿಚೀಲ ಉಬ್ಬಿ ಕಣ್ಣು ಹೊರಗೆ ಬಂದಿರುತ್ತೆ. ಮನೆಗೆ ಬೇಕಾದಷ್ಟು ಆದ ಮೇಲೆ ಅಷ್ಟು ಆಳಕ್ಕೆ ಹೋಗಬೇಡಿ ಅಂತ ಗೈಡ್‌ಗೆ ಹೇಳಿ.

ಅಮ್ಮನಿಗೆ ಹೇಳಿ: ಎರಡಕ್ಕೂ ಆಗುತ್ತೆ. ಬಿಳಿ ಮಾಂಸ, ಗಟ್ಟಿ, ವಾಸನೆ ಕಮ್ಮಿ. ನಮ್ಮ ಕಡೆ ಕಾಣೆಗೆ ಮಾಡುವ ಹಾಗೆ ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿದರೆ ಮತ್ತೇನೂ ಬೇಡ. ಸಾರಿಗೆ ಮಾತ್ರ ಒಂದು ಉಪಾಯ ಬೇಕು. ಇಲ್ಲಿನ ಗೈಡ್‌ಗಳು ಎರಡೂ ಪಕ್ಕದ ಮಾಂಸ ಕೊಯ್ದು ಕೊಟ್ಟು ತಲೆ, ಮುಳ್ಳು ಎಲ್ಲ ಎಸೆದುಬಿಡುತ್ತಾರೆ. ಬರೀ ಫಿಲೆ ಹಾಕಿ ಮಾಡಿದ ಸಾರಿಗೆ ರುಚಿ ಎಲ್ಲಿಂದ ಬರಬೇಕು? ಚಾಕು ತೆಗೆಯೋ ಮುಂಚೆಯೇ "ಎರಡು ಮೀನು ಇಡಿಯಾಗಿ ಬಿಡಿ" ಅನ್ನಿ. ಉಪ್ಪುಕಾಗದದಂಥ ಪೊರೆ, ಮನೆಯಲ್ಲಿ ಉಜ್ಜೋಕೆ ಹೊತ್ತು ಹಿಡಿಯುತ್ತೆ, ಸಿಂಕ್ ತುಂಬಾ ಹಾರುತ್ತೆ. ಈ ನದಿಯ ಮೀನನ್ನು ವಾರಕ್ಕೆ ಎಷ್ಟು ತಿನ್ನಬಹುದು ಅಂತ ರಾಜ್ಯದ ಆರೋಗ್ಯ ಇಲಾಖೆಯ ಪಟ್ಟಿ ಇದೆ. ಪಾದರಸದ ಕಾರಣಕ್ಕೆ ಮಕ್ಕಳೂ ಬಸುರಿಯರೂ ಇನ್ನೂ ಕಮ್ಮಿ ತಿನ್ನಬೇಕು, ಅದನ್ನೂ ನೋಡಿಕೊಳ್ಳಿ.

ಚಳಿಪೆಟ್ಟಿಗೆ:

ಟಿಪ್ ಬಗ್ಗೆ ಯಾರೂ ಹೇಳಲಿಲ್ಲ. ದರದ ಶೇ. 15ರಿಂದ 20 ವಾಡಿಕೆ, ನಗದು ಇಟ್ಟುಕೊಂಡಿರಿ. ಅಮ್ಮ ದೋಣಿ ಹತ್ತಲ್ಲ ಅಂದರೆ ಕೆಳಗೆ ವಬಾಷಾದಲ್ಲಿ ಹದ್ದುಗಳ ಕೇಂದ್ರ ಇದೆ. ಆ ದಿನಗಳಲ್ಲಿ ನದಿ ಮೇಲೂ ಬೋಳುಹದ್ದು ಕಾಣಿಸುತ್ತವೆ. ರೆಡ್ ವಿಂಗ್‌ನಿಂದ ನದಿ ಪಕ್ಕದ 61ನೇ ಹೆದ್ದಾರಿಯಲ್ಲೇ ಹೋದರಾಯ್ತು.

ತುಂಗಾತೀರ:

ಅಮ್ಮ ಹದ್ದಿಗೆ ಬರಲ್ಲವಂತೆ, ದೋಣಿಗೇ ಬರುತ್ತಾರಂತೆ. ಇನ್ನೊಂದು ಬಿಬ್ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೊಡಿ, ಮೀಡಿಯಂ ಸೈಜು.