ಗೋಮಾಳದ ಒತ್ತುವರಿ: ಸದಸ್ಯರ ಪ್ರಶ್ನೆಗಳಿಗೆ ಕಂದಾಯ ವಕೀಲರ ಉತ್ತರ

ಪ್ರಶ್ನೆ (ತುಮಕೂರು ಜಿಲ್ಲೆಯ ಸದಸ್ಯರು): ವಕೀಲರಿಗೆ ನಮಸ್ಕಾರ. ನಮ್ಮ ಗ್ರಾಮದಲ್ಲಿ 60 ಎಕರೆಯಷ್ಟು ಗೋಮಾಳವಿದ್ದು, ಊರಿನ ದನಕರು, ಕುರಿಗಳು ಹಿಂದಿನಿಂದಲೂ ಅಲ್ಲಿಯೇ ಮೇಯುತ್ತಿವೆ. ಕಳೆದ ಬೇಸಿಗೆಯಲ್ಲಿ ಪಕ್ಕದ ಜಮೀನಿನವರು ಅದರ ಒಂದು ಭಾಗಕ್ಕೆ ಕಲ್ಲುಕಂಬ ನೆಟ್ಟು, ತಂತಿಬೇಲಿ ಎಳೆದು ಅಡಿಕೆ ಸಸಿ ಇಟ್ಟಿದ್ದಾರೆ. ಕೇಳಿದರೆ, ಸಾಗುವಳಿ ಸಕ್ರಮಕ್ಕೆ ನಮೂನೆ 57ರಲ್ಲಿ ಅರ್ಜಿ ಹಾಕಿದ್ದೇವೆ, ನಮ್ಮನ್ನು ಯಾರೂ ಎಬ್ಬಿಸುವಂತಿಲ್ಲ ಎನ್ನುತ್ತಾರೆ. ಪಹಣಿಯ (ಜಮೀನಿನ ಹಕ್ಕುದಾಖಲೆ) ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ‘ಸರ್ಕಾರಿ ಗೋಮಾಳ’ ಎಂದಿದೆಯಾದರೂ ಅದರ ಕೆಳಗೆ ಕೆಲವರ ಹೆಸರುಗಳೂ ಸೇರಿಕೊಂಡಿವೆ. ನಾವು ಪೊಲೀಸರಿಗೆ ದೂರು ಕೊಡಬೇಕೇ, ತಹಶೀಲ್ದಾರರ ಬಳಿ ಹೋಗಬೇಕೇ?

ಉತ್ತರ: ಪೊಲೀಸ್ ಠಾಣೆಗೆ ಈಗಲೇ ಹೋಗಬೇಡಿ. ಅಳತೆಯಾಗದ ಜಾಗದ ದೂರನ್ನು ಅವರು ‘ಸಿವಿಲ್ ವ್ಯಾಜ್ಯ’ ಎಂದು ಹಿಂಬರಹ (ಲಿಖಿತ ಉತ್ತರ) ಕೊಟ್ಟು ಮುಗಿಸುತ್ತಾರೆ. ಆ ಹಿಂಬರಹವೇ ನಾಳೆ ಎದುರಾಳಿಯ ಕೈಯಲ್ಲಿ ದಾಖಲೆಯಾಗುತ್ತದೆ. ಬೇಲಿ ಏಳುವುದಕ್ಕೆ ಎಷ್ಟೋ ವರ್ಷ ಮೊದಲೇ ಗೋಮಾಳ ಕಡತದಲ್ಲಿ ಕರಗಿರುತ್ತದೆ ಎಂಬುದು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಆದ್ದರಿಂದ ಕಡತದಿಂದಲೇ ಆರಂಭಿಸಿ.

ಆ ಸರ್ವೆ ನಂಬರಿನ ಈಗಿನ ಪಹಣಿಯ ಜೊತೆಗೆ ಕೈಬರಹದ ಹಳೆಯ ಪಹಣಿಗಳು, ಮ್ಯುಟೇಷನ್ (ಹಕ್ಕು ಬದಲಾವಣೆ) ವಹಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಮೂಲ ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ಮತ್ತು ಗ್ರಾಮ ನಕಾಶೆಗಳ ದೃಢೀಕೃತ ನಕಲುಗಳನ್ನು ಪಡೆಯಿರಿ. ಬಳಿಕ 9ನೇ ಕಾಲಂನಲ್ಲಿ ಗೋಮಾಳದ ಕೆಳಗೆ ಬರೆದಿರುವ ಒಂದೊಂದು ಹೆಸರಿನ ಮುಂದಿನ ವಿಸ್ತೀರ್ಣವನ್ನೂ ಕಾಗದದ ಮೇಲೆ ಇಳಿಸಿ ಕೂಡಿ ನೋಡಿ. ಆಕಾರಬಂದ್‌ನಲ್ಲಿ 60 ಎಕರೆ ಇರುವ ಜಾಗಕ್ಕೆ ಮಂಜೂರಾತಿಗಳೆಲ್ಲ ಸೇರಿ 70 ಎಕರೆ ದಾಟುವುದು ನಮ್ಮ ರಾಜ್ಯದಲ್ಲಿ ಅಪರೂಪವೇನಲ್ಲ. ದರಖಾಸ್ತು ಪೋಡಿಗಳು (ಮಂಜೂರಾದ ಜಮೀನನ್ನು ಅಳೆದು ಪ್ರತ್ಯೇಕಿಸುವ ಕೆಲಸ) ವರ್ಷಗಟ್ಟಲೆ ಮುಂದೆ ಸಾಗದಿರುವುದಕ್ಕೆ ಒಂದು ಕಾರಣ ಇದೇ. ಹೆಸರಿದ್ದ ಮಾತ್ರಕ್ಕೆ ಹಕ್ಕು ಬಂತೆಂದಾಗುವುದಿಲ್ಲ. ಪ್ರತಿ ಹೆಸರಿನ ಹಿಂದೆ ಮಂಜೂರಾತಿ ಆದೇಶ, ಸಾಗುವಳಿ ಚೀಟಿ (ಮಂಜೂರಾದವರಿಗೆ ಕೊಡುವ ಪತ್ರ), ಮ್ಯುಟೇಷನ್ ಈ ಮೂರೂ ಇರಬೇಕು, ಅವು ದರಖಾಸ್ತು ವಹಿಗೆ ತಾಳೆಯಾಗಬೇಕು. ತಾಳೆಯಾಗದ ನಮೂದುಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಒಂದೊಂದಾಗಿ ಕೇಳಿ. ‘ಎಲ್ಲ ದಾಖಲೆ ಕೊಡಿ’ ಎಂದು ಕೇಳಿದರೆ ಯಾವುದೂ ಬರುವುದಿಲ್ಲ.

ನಂತರ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ. ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತು ಸರ್ವೆ ನಂಬರ್ ನೋಡಿಕೊಳ್ಳುವುದು ಅಂದಾಜಿಗೆ ಮಾತ್ರ ಸರಿ. ಗಡಿಯ ವಿಷಯದಲ್ಲಿ ಅದನ್ನು ಸಾಕ್ಷ್ಯವೆಂದು ಮುಂದಿಡಲು ಬರುವುದಿಲ್ಲ. ಸರ್ಕಾರಿ ಜಮೀನನ್ನು ಅಳೆದು ಒತ್ತುವರಿ ನಕ್ಷೆ ತಯಾರಿಸುವಂತೆ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಕ್ಷೆಯಲ್ಲಿ ಒತ್ತುವರಿ ಎಷ್ಟು ಎಕರೆ, ಎಷ್ಟು ಗುಂಟೆ ಎಂಬುದು ನಮೂದಾದ ಮೇಲೆ, ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 104ರ ಅಡಿಯಲ್ಲಿ ತೆರವಿಗೆ ಕ್ರಮ ಕೈಗೊಳ್ಳಲು ಅಧಿಕಾರಿಗೆ ಗಟ್ಟಿ ಆಧಾರ ಸಿಗುತ್ತದೆ. ಇದೇ ಕಾಯ್ದೆಯ ಕಲಂ 192ಎ ಸರ್ಕಾರಿ ಜಮೀನಿನ ಅಕ್ರಮ ಪ್ರವೇಶವನ್ನು ಶಿಕ್ಷಾರ್ಹ ಅಪರಾಧವೆಂದೂ ಹೇಳುತ್ತದೆ. ಪೊಲೀಸರ ಬಳಿ ಹೋಗುವುದಿದ್ದರೆ ನಕ್ಷೆ ಕೈಗೆ ಬಂದ ಮೇಲೆಯೇ ಹೋಗಿ.

ಇನ್ನು ನಮೂನೆ 57. ಬಗರ್ ಹುಕುಂ ಸಾಗುವಳಿಯನ್ನು, ಅಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿಯನ್ನು, ಸಕ್ರಮಗೊಳಿಸಲು ಈ ಹಿಂದೆ ನಮೂನೆ 50 ಮತ್ತು 53ರಲ್ಲಿ ಅರ್ಜಿ ಪಡೆಯಲಾಗಿತ್ತು. 2018ರ ತಿದ್ದುಪಡಿಯಿಂದ ನಮೂನೆ 57 ಬಂತು. ಇದರಲ್ಲಿ ಅರ್ಹತೆ ಸಿಗಬೇಕಾದರೆ 2005ರ ಜನವರಿ 1ಕ್ಕೂ ಮೊದಲಿನಿಂದ ಸಾಗುವಳಿ ನಡೆದಿರಬೇಕು. ಕಳೆದ ಬೇಸಿಗೆಯಲ್ಲಿ ಇಟ್ಟ ಅಡಿಕೆ ಸಸಿ ಆ ದಿನಾಂಕವನ್ನು ಹೇಗೂ ಮುಟ್ಟುವುದಿಲ್ಲ. ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳಲ್ಲಿ ಅಲ್ಲಿ ಬರೀ ಹುಲ್ಲುಗಾವಲು ಕಂಡರೆ ಅದನ್ನೂ ಆಕ್ಷೇಪಣೆಯೊಂದಿಗೆ ಲಗತ್ತಿಸಿ. ಇದಕ್ಕೂ ಬಲವಾದ ಇನ್ನೊಂದು ಅಂಶವಿದೆ. 1966ರ ಭೂಕಂದಾಯ ನಿಯಮಗಳ ನಿಯಮ 97ರಂತೆ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಇರಬೇಕು. ನಿಮ್ಮ ಗ್ರಾಮದಲ್ಲಿ 260 ಜಾನುವಾರುಗಳಿದ್ದರೆ 78 ಎಕರೆ ಬೇಕು, ಇರುವುದು 60 ಎಕರೆ. ಹೆಚ್ಚುವರಿ ಎಂಬುದೇ ಇಲ್ಲದಿದ್ದಾಗ ಸಕ್ರಮಕ್ಕೆ ಜಮೀನು ಎಲ್ಲಿಂದ ಬರಬೇಕು? ಪಶು ಆಸ್ಪತ್ರೆಯಿಂದ ಜಾನುವಾರು ಗಣತಿಯ ವಿವರ ಪಡೆದು, ಶಾಸಕರ ಅಧ್ಯಕ್ಷತೆಯ ಬಗರ್ ಹುಕುಂ ಸಮಿತಿಗೂ ತಹಶೀಲ್ದಾರರಿಗೂ ಆಕ್ಷೇಪಣೆ ಸಲ್ಲಿಸಿ. ಅರ್ಜಿ ಬಾಕಿ ಇದೆ ಎಂಬ ಕಾರಣಕ್ಕೆ ತೆರವಿಗೆ ತಡೆ ಸಿಗುವುದುಂಟು, ಆದ್ದರಿಂದ ಅರ್ಜಿಯನ್ನು ಬೇಗ ವಿಲೇವಾರಿ ಮಾಡಿಸುವುದು ನಿಮಗೇ ಅನುಕೂಲ.

ಪ್ರಶ್ನೆ (ಬೆಂಗಳೂರು ಗ್ರಾಮಾಂತರದ ಸದಸ್ಯರು): ಸರ್, ನಮ್ಮಲ್ಲಿ ಬಡಾವಣೆ ಮಾಡಿದವರು ಹಳ್ಳದ ‘ಬಿ’ ಖರಾಬನ್ನೂ ಗುಂಡುತೋಪಿನ (ಊರಿನ ಸಾಮೂಹಿಕ ಮರತೋಪು) ಅಂಚನ್ನೂ ಸೇರಿಸಿಕೊಂಡಿದ್ದಾರೆ. 12 ವರ್ಷ ಅನುಭವದಲ್ಲಿದ್ದರೆ ಜಾಗ ತಮ್ಮದೇ ಆಗುತ್ತದೆ ಎಂದು ಅವರ ಕಡೆಯವರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: 12 ವರ್ಷದ ಲೆಕ್ಕ ಖಾಸಗಿಯವರ ನಡುವಿನದು. ಸರ್ಕಾರ ಹೂಡುವ ದಾವೆಗೆ 1963ರ ಕಾಲಮಿತಿ ಕಾಯ್ದೆಯಲ್ಲಿ 30 ವರ್ಷಗಳ ಅವಧಿಯಿದೆ, ಪ್ರತಿಕೂಲ ಸ್ವಾಧೀನವನ್ನು (ದೀರ್ಘಕಾಲದ ಅನುಭವದಿಂದ ಹಕ್ಕು ಬಂತೆಂಬುದನ್ನು) ಸಾಬೀತುಪಡಿಸುವ ಹೊಣೆಯೂ ಹಾಗೆ ಹೇಳಿಕೊಳ್ಳುವವರ ಮೇಲೆಯೇ ಇರುತ್ತದೆ. ‘ಎ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ಜಾಗ. ‘ಬಿ’ ಖರಾಬು ದಾರಿ, ಹಳ್ಳ, ಕೆರೆಗಳಂತೆ ಸಾರ್ವಜನಿಕರ ಬಳಕೆಗೆಂದು ಬಿಟ್ಟದ್ದು. ಭೂಕಂದಾಯ ಕಾಯ್ದೆಯ ಕಲಂ 67ರ ಪ್ರಕಾರ ಇಂತಹ ‘ಬಿ’ ಖರಾಬು ಸರ್ಕಾರದ ಸ್ವತ್ತು. ಕ್ರಯಪತ್ರದಲ್ಲಿ ‘ಖರಾಬು ಸಹಿತ’ ಎಂದು ಬರೆಸಿಕೊಂಡ ಮಾತ್ರಕ್ಕೆ ಅದು ಮಾರಾಟವಾಗುವುದಿಲ್ಲ. ಮಾರಿದವರಿಗೇ ಇಲ್ಲದ ಹಕ್ಕು ಕೊಂಡವರಿಗೆ ಬರಲಾರದು. ಬಡಾವಣೆಯಂತಹ ದೊಡ್ಡ ಕಬಳಿಕೆಗೆ 2011ರ ಕರ್ನಾಟಕ ಭೂ ಕಬಳಿಕೆ ನಿಷೇಧ ಕಾಯ್ದೆಯಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವಿದೆ. ಎರಡು ಎಕರೆ ರಾಗಿ ಬೆಳೆದುಕೊಂಡಿರುವ ಭೂರಹಿತ ಕುಟುಂಬವನ್ನು ಅದೇ ನ್ಯಾಯಾಲಯಕ್ಕೆ ಎಳೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಟಿಯಾಲ ಜಿಲ್ಲೆಯ ಊರೊಂದರ ಕೆರೆಯಂಗಳದ ಒತ್ತುವರಿಗೆ ಸಂಬಂಧಿಸಿದ ಜಗಪಾಲ್ ಸಿಂಗ್ ಪ್ರಕರಣದಲ್ಲಿ, 2011ರ ಜನವರಿಯಲ್ಲಿ, ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟ ಸುಪ್ರೀಂ ಕೋರ್ಟ್ ಕೂಡ, ಭೂರಹಿತ ಕೂಲಿಕಾರರಿಗೆ, ಪರಿಶಿಷ್ಟರಿಗೆ ಸರ್ಕಾರವೇ ಕೊಟ್ಟ ಜಾಗ ಮತ್ತು ಈಗಾಗಲೇ ಶಾಲೆ, ಔಷಧಾಲಯ ಇರುವ ಜಾಗವನ್ನು ಅಪವಾದವೆಂದು ಬಿಟ್ಟಿದೆ.

ಪ್ರಶ್ನೆ (ಚಿತ್ರದುರ್ಗ ಜಿಲ್ಲೆಯ ಸದಸ್ಯೆ): ಒತ್ತುವರಿದಾರರ ಮಾತಾಯಿತು. ಸರ್ಕಾರವೇ ನಮ್ಮ ಕಾವಲುಗಳನ್ನು (ಮೇವಿಗೆ ಕಾದಿರಿಸಿದ ಹುಲ್ಲುಗಾವಲು) ಸಂಸ್ಥೆಗಳಿಗೆ ಕೊಟ್ಟರೆ ಜನರಿಗೆ ಯಾವ ದಾರಿಯಿದೆ?

ಉತ್ತರ: ಮೇಡಂ, ಕಾನೂನು ದುರ್ಬಲವಾಗಿರುವುದು ಇಲ್ಲಿಯೇ. ಗೋಮಾಳದ ಒಡೆತನ ಸರ್ಕಾರದ್ದು, ಊರಿನವರಿಗಿರುವುದು ಮೇಯಿಸುವ ಸೌಲಭ್ಯ. ಒಡೆಯನೇ ಕೊಟ್ಟುಬಿಟ್ಟಾಗ ಬಳಸುವವರ ಮಾತಿಗೆ ನ್ಯಾಯಾಲಯದಲ್ಲಿ ಸಿಗುವ ತೂಕ ಕಡಿಮೆ. ನಿಮ್ಮ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತ್ ಮಹಲ್ (ದನದ ತಳಿ) ಕಾವಲು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾದುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತಾದರೂ ಗೋಡೆಗಳು ಎದ್ದವು, ಕುರಿಗಾಹಿಗಳ ದಾರಿ ಮುಚ್ಚಿತು. ಆ ಸಂಸ್ಥೆಗಳು ದೇಶಕ್ಕೆ ಬೇಕಾದವು ಎಂಬುದರಲ್ಲಿ ನನಗೆ ತಕರಾರಿಲ್ಲ. ಮೈಸೂರು ಅರಸರ ಕಾಲದಿಂದ ಮೇವಿಗೆಂದೇ ಕಾದಿರಿಸಿದ್ದ ನೆಲವನ್ನು ‘ಖಾಲಿ ಜಾಗ’ ಎಂದು ಲೆಕ್ಕ ಹಾಕಿದ್ದಕ್ಕೆ ತಕರಾರಿದೆ.

ಗೆದ್ದ ಉದಾಹರಣೆಯೂ ಇದೆ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಸಾಮೂಹಿಕ ಭೂಮಿಯನ್ನು ಸರ್ಕಾರ ಕೊಡಲು ಹೊರಟಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ಶಿವರಾಮ ಕಾರಂತರೊಡನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ 1987ರಲ್ಲಿ ತಡೆಯಾಜ್ಞೆ ತಂದರು. ಅದೇ ವರ್ಷದ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಬರೀ ರಿಟ್ ಅರ್ಜಿ ಹಾಕಿ ಕುಳಿತಿದ್ದರೆ ಇದು ಆಗುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಕಾನೂನಿನ ಮಟ್ಟಿಗೆ ಹೇಳುವುದಾದರೆ, ಮಂಜೂರಾತಿಗೆ ಮೊದಲು ಗೋಮಾಳದ ವಿಸ್ತೀರ್ಣ ತಗ್ಗಿಸುವ ಆದೇಶ ಆಗಿದೆಯೇ, ಜಾನುವಾರು ಲೆಕ್ಕ ನಿಯಮ 97ಕ್ಕೆ ಹೊಂದುತ್ತದೆಯೇ ಎಂಬುದನ್ನು ನೋಡಿ. ಆಕ್ಷೇಪಣೆಯನ್ನು ಕಾಂಪೌಂಡ್ ಏಳುವ ಮೊದಲೇ ಸಲ್ಲಿಸಿ.

ಪ್ರಶ್ನೆ (ತುಮಕೂರಿನ ಸದಸ್ಯರು, ಮತ್ತೆ): ಬಹಳ ಉಪಕಾರವಾಯಿತು ಸರ್. ಒಂದೇ ಸಂದೇಹ: ಮನವಿಗೆ ನಾನೊಬ್ಬನೇ ಸಹಿ ಹಾಕಿದರೆ ಸಾಕೇ? ಎದುರಿನವರು ನಮ್ಮ ಸಂಬಂಧಿಕರೂ ಹೌದು.

ಉತ್ತರ: ಕಾನೂನಿನಲ್ಲಿ ಒಬ್ಬರ ಸಹಿ ಸಾಕು. ಆದರೆ ಒಬ್ಬರೇ ಸಹಿ ಹಾಕಿದ ಅರ್ಜಿಯನ್ನು ದಾಯಾದಿ ಜಗಳವೆಂದು ಬದಿಗಿಡುವುದು ಸುಲಭ, ನಿಮ್ಮ ವಿಷಯದಲ್ಲಂತೂ ಇನ್ನೂ ಸುಲಭ. ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ, ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಗ್ರಾಮ ಪಂಚಾಯಿತಿಯ ಠರಾವಿನ ನಕಲನ್ನು ಮನವಿಯೊಂದಿಗೆ ಲಗತ್ತಿಸಿ. ಕುರಿ, ದನ ಮೇಯಿಸುವವರ ಸಹಿಗಳು ಮೊದಲ ಪುಟದಲ್ಲಿರಲಿ. ಅಳತೆಯ ದಿನ ಅವರನ್ನೂ ಸ್ಥಳಕ್ಕೆ ಕರೆದುಕೊಂಡು ಹೋಗಿ, ಮಹಜರಿಗೆ ಅವರಿಂದಲೇ ಸಹಿ ಮಾಡಿಸಿ; ಹಳೆಯ ಗಡಿಕಲ್ಲು ಎಲ್ಲಿತ್ತೆಂದು ಸರ್ವೇಯರ್‌ಗೆ ತೋರಿಸಬಲ್ಲವರು ಸಾಮಾನ್ಯವಾಗಿ ಅವರೇ.