ಸಹಾಯ ಬೇಕು: ಗೆಳತಿಯ ಫೋಟೋಗಳನ್ನು ದೂರದಿಂದಲೇ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರಿನಲ್ಲಿ, ನನ್ನ ಗೆಳತಿ ಶಿರಸಿ ಹತ್ತಿರದ ಹಳ್ಳಿಯಲ್ಲಿ. ದೂರದಿಂದಲೇ ಇನ್ನೊಬ್ಬರ ಸ್ಕ್ರೀನ್ ನೋಡಲು ಬಿಡುವ ಕ್ವಿಕ್ ಅಸಿಸ್ಟ್‌ನಲ್ಲಿ ಅವಳ ವಿಂಡೋಸ್ 11 ಲ್ಯಾಪ್‌ಟಾಪ್ ನೋಡುತ್ತಾ, ಫೋನಿನಲ್ಲಿ ಹೇಳಿಕೊಡುತ್ತಿದ್ದೇನೆ. ಜೋರು ಮಳೆ ಬಂದರೆ ನೆಟ್ ಹೋಗುತ್ತದೆ, ಹಾಗಾಗಿ ಕ್ಲೌಡ್ ಆಗಿಬರಲ್ಲ.

ಅವಳ ಕ್ಯಾಮೆರಾದಲ್ಲಿ ಫೋಟೋ ನಂಬರ್ 9999 ಮುಗಿದು ಮತ್ತೆ 0001ರಿಂದ ಶುರುವಾಗಿದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕುವ ಅಭ್ಯಾಸ, ಹಾಗಾಗಿ ಹಳೆಯ ಫೋಟೋಗಳಿಗಿದ್ದ ಹೆಸರೇ ಹೊಸವಕ್ಕೂ ಬಂತು. ಮೊನ್ನೆ ಕಾಪಿ ಮಾಡುವಾಗ 'ರಿಪ್ಲೇಸ್' ಒತ್ತಿಬಿಟ್ಟಳು. ಹಳೆಯ ಸುಮಾರು 200 ಫೋಟೋ ಹೋದವು. ಹೀಗೆ ಹೋದದ್ದು ರೀಸೈಕಲ್ ಬಿನ್‌ಗೂ ಬರಲ್ಲ. ಅದರಲ್ಲಿ ತೀರಿಹೋದ ಅವಳ ಅಜ್ಜಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತ ಫೋಟೋನೂ ಇತ್ತು. "ಅದೊಂದು ಸಿಕ್ಕಿದ್ರೆ ಸಾಕು ಕಣೇ" ಅಂದಳು. ಅವಳ ದನಿ ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆ ಹಳೆಯ ಫೋಟೋ ತೆಗೆದಾಗ ಬಳಸಿದ ಮೆಮೊರಿ ಕಾರ್ಡ್ ಇನ್ನೂ ಇದೆ. ಫಾರ್ಮ್ಯಾಟ್ ಮಾಡಿದ್ದಾಳೆ, ಆಮೇಲೆ ಬಳಸಿಲ್ಲ. ಅದನ್ನು ಮುಟ್ಟಲೇಬೇಡ ಅಂದಿದ್ದೇನೆ. ಅಳಿಸಿಹೋದ ಫೋಟೋ ಹುಡುಕಿ ತೆಗೆಯುವ ಫೋಟೋರೆಕ್ ಸಾಫ್ಟ್‌ವೇರ್ ಯಾರಾದರೂ ಬಳಸಿದ್ದೀರಾ? ದೂರದಿಂದ ಮಾಡಿಸಬಹುದಾ, ಇಲ್ಲಾ ಕಾರ್ಡನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳಲಾ?

ಮುಂದಕ್ಕೆ ಡಿಜಿಕ್ಯಾಮ್ ಅನ್ನೋ ಫೋಟೋ ಜೋಡಿಸಿಡುವ ಸಾಫ್ಟ್‌ವೇರ್‌ನಲ್ಲಿ ತಾರೀಖಿನ ಪ್ರಕಾರ ಹೆಸರು ಬದಲಿಸಿ ಇಂಪೋರ್ಟ್ ಮಾಡಿಸೋಣ ಅಂತಿದ್ದೇನೆ. 2 ಟಿಬಿ ಹಾರ್ಡ್ ಡಿಸ್ಕ್ ತಂದಿದ್ದಾಳೆ. ಬ್ಯಾಕಪ್‌ಗೆ ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಸಾಕಾ? ಅವಳೊಬ್ಬಳೇ ಮಾಡಿಕೊಳ್ಳುವಷ್ಟು ಸುಲಭವಾದ ದಾರಿ ಇದ್ದರೆ ದಯವಿಟ್ಟು ಹೇಳಿ.