ಸಹಾಯ ಬೇಕು: 269–269 ಆದರೆ ಅಮೆರಿಕಕ್ಕೆ ಅಧ್ಯಕ್ಷರು ಯಾರು?

ನಮಸ್ಕಾರ. ಎಲೆಕ್ಟೋರಲ್ ಕಾಲೇಜ್ (ಅಮೆರಿಕದ ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳ, ಅಂದರೆ ರಾಜ್ಯಗಳ ಪ್ರತಿನಿಧಿಗಳ ಮಂಡಳಿ) ಬಗ್ಗೆ ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ, ತಲೆ ಕೆಟ್ಟುಹೋಗಿದೆ.

ಒಟ್ಟು 538 ಎಲೆಕ್ಟರ್‌ಗಳು, ಗೆಲ್ಲೋಕೆ 270 ಬೇಕು. ಹೆಚ್ಚಿನ ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲಾ ಮತ. ಮೇನ್, ನೆಬ್ರಾಸ್ಕಾ ಮಾತ್ರ ಹಂಚುತ್ತವೆ. ನಮ್ಮ ಅಕ್ಕ ಇರುವ ಒಮಾಹಾ ಕಡೆಯ ಒಂದು ಮತ 2024ರಲ್ಲಿ ಹ್ಯಾರಿಸ್‌ಗೆ ಹೋಯಿತು, ನೆಬ್ರಾಸ್ಕಾದ ಉಳಿದ ನಾಲ್ಕು ಟ್ರಂಪ್‌ಗೆ. ಇಲ್ಲಿವರೆಗೆ ಸರಿ.

ಯಾರಿಗೂ 270 ಬರದಿದ್ದರೆ ಹೌಸ್ (ಅಮೆರಿಕ ಸಂಸತ್ತಿನ ಕೆಳಮನೆ) ಅಧ್ಯಕ್ಷರನ್ನು ಆರಿಸುತ್ತದೆ. ಅಲ್ಲಿ ರಾಜ್ಯಕ್ಕೆ ಒಂದೇ ಮತ. 52 ಸದಸ್ಯರಿರುವ ಕ್ಯಾಲಿಫೋರ್ನಿಯಾಗೂ ಒಂದು, ಒಬ್ಬರೇ ಇರುವ ವಯೋಮಿಂಗ್‌ಗೂ ಒಂದು. ಇದ್ಯಾವ ನ್ಯಾಯವೋ! 1825ರಲ್ಲಿ ಹೀಗೆ ಹೌಸ್ ಆರಿಸಿದಾಗ ಜಾಕ್ಸನ್‌ಗೆ 99 ಎಲೆಕ್ಟರ್ ಮತ ಇದ್ದರೂ, 84 ಇದ್ದ ಆಡಮ್ಸ್ 24ರಲ್ಲಿ 13 ರಾಜ್ಯ ಹಿಡಿದು ಗೆದ್ದುಬಿಟ್ಟರು.

ಯೂಟ್ಯೂಬ್ ವಿಡಿಯೋಗಳು 270ಕ್ಕೇ ನಿಂತುಬಿಡುತ್ತವೆ. ಅಮೆರಿಕ ಸಂವಿಧಾನದ 12ನೇ ತಿದ್ದುಪಡಿಯನ್ನೂ ಓದಿದೆ, ನಾನು ಹುಡುಕುತ್ತಿದ್ದದ್ದು ಸಿಗಲಿಲ್ಲ.

ಮಿನ್ನೆಸೋಟದಿಂದ 2024ರಲ್ಲಿ ಹೌಸ್‌ಗೆ ಎರಡೂ ಪಕ್ಷದವರು ನಾಲ್ಕು ನಾಲ್ಕು ಜನ ಗೆದ್ದರು ಅಲ್ವಾ? ಹೀಗೆ ಒಂದು ರಾಜ್ಯದೊಳಗೇ ಸಮ ಸಮ ಆದರೆ ಆ ರಾಜ್ಯದ ಮತ ಲೆಕ್ಕಕ್ಕೇ ಬರುವುದಿಲ್ಲವಾ? ಬರದಿದ್ದರೆ, ಗೆಲ್ಲೋಕೆ ಬೇಕಾದ 26 ರಾಜ್ಯ ಅನ್ನೋದು ಕಡಿಮೆಯಾಗುತ್ತದಾ, ಹಾಗೇ ಇರುತ್ತದಾ?